ಮಿಸ್ಟರ್ ಪೆಟಿಫರ್ ಕೊಂದ ಮೂವರು ಹೆಂಡತಿಯರು

ಮಂಗಳವಾರ ಸಂಜೆ ಟೀವಿಯವರು ಹೊಸದೇನೂ ಕೈಗೆ ಸಿಗದೆ ಹನ್ನೊಂದು ವರ್ಷದ ಹಿಂದಿನ ಧಾರಾವಾಹಿಯೊಂದನ್ನು ಹುಡುಕಿ ತೆಗೆದು, ಮೂರು ಕಂತನ್ನೂ ಒಟ್ಟಿಗೆ ಹಾಕಿಬಿಟ್ಟರು. ಅದರಲ್ಲಿ ಹೊರೇಸ್ ಪೆಟಿಫರ್ ಕಂತಿಗೊಬ್ಬಳಂತೆ ಮೂವರು ಹೆಂಡತಿಯರನ್ನು ಚಹಾದಲ್ಲಿ ವಿಷ ಬೆರೆಸಿ ಕೊಲ್ಲುತ್ತಾರೆ. ನಮ್ಮ ಶೆಲ್‌ಕೂಮಿನಲ್ಲಿ ಅವತ್ತು ಮಧ್ಯಾಹ್ನದಿಂದಲೇ ಸಮುದ್ರದ ಕಡೆಯಿಂದ ಜಿಟಿಜಿಟಿ ಮಳೆ. ಮಾಡಲು ಬೇರೆ ಕೆಲಸವಿಲ್ಲದೆ ಊರಿಗೆ ಊರೇ ಕೂತು ನೋಡಿತು.

ಬೇರೆ ಯಾವ ವಾರವಾಗಿದ್ದರೂ ಪೆಟಿಫರ್ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಮಾರನೆಯ ದಿನ, ಬುಧವಾರ ನಾಲ್ಕು ಗಂಟೆಗೆ, ಅವರು ಡಾಫ್ನಿ ಟಿಂಡಲ್ ಅವರ ಮನೆಗೆ ಚಹಾಕ್ಕೆ ಹೋಗಿ, ‘ನನ್ನನ್ನು ಮದುವೆಯಾಗುತ್ತೀರಾ’ ಎಂದು ಕೇಳುವವರಿದ್ದರು.

ಪೆಟಿಫರ್‌ಗೆ ಅರವತ್ತಮೂರು ವರ್ಷ. ಪರದೆಯ ಮೇಲೆ ಮೂವರನ್ನು ಮುಗಿಸಿದ್ದರೂ ನಿಜದಲ್ಲಿ ಒಬ್ಬಳನ್ನೂ ಕಟ್ಟಿಕೊಂಡವರಲ್ಲ. ನಲವತ್ತು ವರ್ಷ ಮುಖಕ್ಕೆ ಬಣ್ಣ ಹಚ್ಚಿ ಪಾದ್ರಿ, ನ್ಯಾಯಾಧೀಶ, ಅಡುಗೆಯವ, ಜರ್ಮನ್ ಜನರಲ್, ಇನ್‌ಸ್ಪೆಕ್ಟರ್, ಎರಡು ಸಲ ಹೆಣ, ಎಲ್ಲ ಆಗಿದ್ದರು. ಇಡೀ ದೇಶಕ್ಕೆ ಅವರ ಮುಖ ಗೊತ್ತು, ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ರೈಲಿನಲ್ಲಿ ಎದುರಿಗೆ ಕೂತವರು ಅರ್ಧ ಗಂಟೆ ದಿಟ್ಟಿಸಿ ನೋಡಿ, ‘ನೀವು ನಮ್ಮ ಹಲ್ಲಿನ ಡಾಕ್ಟರಲ್ವಾ?’ ಎನ್ನುತ್ತಿದ್ದರು. ಮೊದಮೊದಲು ಪೆಟಿಫರ್ ತಿದ್ದುತ್ತಿದ್ದರು. ಆಮೇಲೆ ಸುಸ್ತಾಗಿ, ‘ಹೌದು, ದಿನಾ ಎರಡು ಸಲ ಉಜ್ಜಿ’ ಎಂದು ಹೇಳಿ ಇಳಿದುಹೋಗುತ್ತಿದ್ದರು.

ಡಾಫ್ನಿ ಮಾತ್ರ ಆ ಪ್ರಶ್ನೆ ಕೇಳಿದವರೇ ಅಲ್ಲ. ಗಂಡ ತೀರಿಕೊಂಡ ಮೇಲೂ ಅವರು ಊರಿನ ಲೈಬ್ರರಿಯ ಕೆಲಸ ಬಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಪೆಟಿಫರ್ ಪುಸ್ತಕ ವಾಪಸ್ಸು ಮಾಡಲು ಹೋದಾಗ ಅವರ ಮುಖವನ್ನೇ ನೋಡಿ, ಕೆಂಪಾಗಿ, ತಡವಾದದ್ದಕ್ಕೆ ದಂಡವನ್ನೂ ಹಾಕದೆ ಕಳಿಸಿದ್ದರು. ಅಂದಿನಿಂದ ಭಾನುವಾರಕ್ಕೊಂದು ಕೇಕು ತಪ್ಪಿಲ್ಲ. ‘ಈಕೆಗೆ ನಾನು ನಾನಾಗಿಯೇ ಕಾಣುತ್ತೇನೆ’ ಎಂದು ಪೆಟಿಫರ್ ಕರಗಿಹೋಗಿದ್ದರು.

ಬುಧವಾರ ನಮ್ಮಲ್ಲಿ ಅರ್ಧ ದಿನ. ಒಂದು ಗಂಟೆಗೆಲ್ಲ ಅಂಗಡಿಗಳ ಬಾಗಿಲು ಬೀಳುತ್ತದೆ. ಅಷ್ಟರಲ್ಲಿ ಹೂವು ಬೇಕು, ಒಂದು ಡಬ್ಬಿ ಬಿಸ್ಕತ್ತು ಬೇಕು. ಎಲ್ಲಕ್ಕೂ ಮೊದಲು, ಬೆಳಗಿನಿಂದ ಹೆದರಿಕೆಗೆ ಗುಳುಗುಳು ಎನ್ನುತ್ತಿದ್ದ ಹೊಟ್ಟೆಗೆ ಪೆಪ್ಪರ್‌ಮಿಂಟ್ ಮಾತ್ರೆ ಬೇಕು. ಪೆಟಿಫರ್ ಔಷಧಿ ಅಂಗಡಿಗೆ ಹೋದರು.

ಅಂಗಡಿಯ ಹೆಬ್ಡನ್ ಮಾತ್ರೆಯ ಪೊಟ್ಟಣವನ್ನು ಮುಂದಿಟ್ಟು, ಪಕ್ಕದಲ್ಲೇ ಕಪ್ಪು ರಟ್ಟಿನ ದಪ್ಪ ಪುಸ್ತಕವನ್ನು ಬಿಚ್ಚಿಟ್ಟರು. ವಿಷ ಕೊಂಡವರು ಹೆಸರು ಬರೆದು ಸಹಿ ಹಾಕಬೇಕಾದ ಪುಸ್ತಕ ಅದು.

‘‘ಇದ್ಯಾಕ್ರೀ? ನಾನು ತಗೊಂಡಿದ್ದು ಪೆಪ್ಪರ್‌ಮಿಂಟ್ ಅಲ್ವಾ?’’

‘‘ಅಲ್ಲ ಅಂತ ನಾನೆಲ್ಲಿ ಅಂದೆ? ವಿಷ ತಗೊಂಡ್ರೆ ಸಹಿ ಹಾಕಬೇಕು ಅಂತ ಕಾನೂನು. ಬೇರೇದಕ್ಕೆ ಹಾಕಬಾರದು ಅಂತ ಎಲ್ಲೂ ಇಲ್ಲ. ಯಾರಿಗೆ ಅಂತಲೂ ಅಲ್ಲಿ ಬರೀರಿ.’’

‘‘ಯಾರಿಗೆ ಅಂದ್ರೆ? ನನಗೇ.’’

‘‘ಹೋದ ಸಲ ಇಲಿಗೆ ಅಂದಿದ್ರಿ’’ ಎಂದರು ಹೆಬ್ಡನ್, ಬೇಸರದಿಂದ.

‘‘ನಾನಾ? ಯಾವಾಗ?’’

‘‘ನಿನ್ನೆ. ಏಳೂವರೆ ಹೊತ್ತಿಗೆ.’’

ಪೆಟಿಫರ್‌ಗೆ ಒಂದು ಗಳಿಗೆ ನಿನ್ನೆ ಏಳೂವರೆಗೆ ತಾವು ಎಲ್ಲಿದ್ದೆವು ಎಂಬುದೇ ಮರೆತುಹೋಯಿತು. ಅದು ಟೀವಿಯ ಮಾತು ಎಂದು ಹೊಳೆದ ಮೇಲೆ ನಗು ಬಂತು. ಹೆಬ್ಡನ್ ನಗಲಿಲ್ಲ. ಹಿಂದೆ ಸಾಲಿನಲ್ಲಿ ನಿಂತ ನಾಲ್ಕು ಜನರೂ ನಗಲಿಲ್ಲ. ಗಡಿಯಾರದ ಮುಳ್ಳು ಓಡುತ್ತಿತ್ತು. ಸುಮ್ಮನೆ ರಗಳೆ ಯಾಕೆಂದು ಪೆಟಿಫರ್ ಸಹಿ ಹಾಕಿ ಹೊರಬಿದ್ದರು. ಅವರ ಜೀವನದಲ್ಲಿ ಅಂಥ ಪೆದ್ದು ಕೆಲಸ ಇನ್ನೊಂದಿಲ್ಲ.

ಹೂವಿನಂಗಡಿಯಾಕೆ ಹಿಂದಿನ ಸಂಜೆ ತಂಗಿಯ ಮನೆಗೆ ಹೋಗಿದ್ದರಿಂದ ಧಾರಾವಾಹಿ ನೋಡಿರಲಿಲ್ಲ. ಆಕೆಯ ತಲೆಯಲ್ಲಿ ಉಳಿದಿದ್ದದ್ದು ಹಳೆಯ ಕ್ರಿಸ್‌ಮಸ್ ನಾಟಕದಲ್ಲಿ ಪಾದ್ರಿಯಾಗಿದ್ದ ಪೆಟಿಫರ್.

‘‘ಬನ್ನಿ ಫಾದರ್. ಪಾಪ, ಯಾರು ಹೋದದ್ದು?’’

‘‘ಯಾರೂ ಹೋಗಿಲ್ಲಮ್ಮ. ನಾನೇ ಹೋಗಬೇಕು, ನಾಲ್ಕು ಗಂಟೆಗೆ.’’

‘‘ಹಾಗೆಲ್ಲ ಅನ್ನಬಾರದು. ಗಂಡಸೋ ಹೆಂಗಸೋ?’’

‘‘ಹೆಂಗಸು.’’

‘‘ವಯಸ್ಸು?’’

‘‘ಐವತ್ತೆಂಟು. ಸ್ವಲ್ಪ ಬೇಗ ಮಾಡ್ತೀರಾ?’’

ಆಕೆ ಕಣ್ಣೊರೆಸಿಕೊಳ್ಳುತ್ತ ಬಿಳಿಯ ಲಿಲ್ಲಿ ಹೂಗಳನ್ನು ಜೋಡಿಸಿ, ಮೇಲೊಂದು ಕಪ್ಪು ರಿಬ್ಬನ್ ಬಿಗಿದು ಕೊಟ್ಟಳು. ಬೇರೆ ಮಾಡಿಕೊಡಿ ಎನ್ನುವಷ್ಟರಲ್ಲಿ ಗಂಟೆ ಒಂದಾಯಿತು. ಪೆಟಿಫರ್ ಮಸಣಕ್ಕೆ ಒಯ್ಯುವ ಹೂವನ್ನು ಹಿಡಿದು ಬಿಸ್ಕತ್ತಿನ ಅಂಗಡಿಗೆ ಓಡಿದರು. ಅಂಗಡಿಯವಳು ಗಾಜಿನ ಒಳಗಿಂದ ಅವರ ಮುಖ ನೋಡಿದಳು, ಹೂವು ನೋಡಿದಳು, ಬಾಗಿಲಿಗೆ ಚಿಲಕ ಹಾಕಿ ಹಿಂದಕ್ಕೆ ಸರಿದಳು.

ಮೂರು ಗಂಟೆಗೆ ಪೆಟಿಫರ್ ತಮ್ಮ ಮನೆಯಲ್ಲಿ ಟೈ ಕಟ್ಟಿಕೊಳ್ಳುತ್ತಿದ್ದಾಗ ಕಾನ್‌ಸ್ಟೇಬಲ್ ಡಗ್ಗನ್ ಸೈಕಲ್ಲನ್ನು ಬೇಲಿಗೆ ಒರಗಿಸಿ, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದ.

‘‘ಇದು ವಿಚಾರಣೆ ಅಲ್ಲ ಸಾರ್. ಸುಮ್ನೆ ಬಂದೆ. ವಿಷದ ಪುಸ್ತಕದಲ್ಲಿ ನಿಮ್ಮ ಸಹಿ ಇದೆಯಂತೆ.’’

‘‘ಪೆಪ್ಪರ್‌ಮಿಂಟ್‌ಗೆ ಕಣಯ್ಯ.’’

‘‘ಅದೇ ಸಾರ್ ತೊಂದರೆ. ಏನೂ ತಪ್ಪು ಮಾಡದೇ ಇರೋನು ಪೆಪ್ಪರ್‌ಮಿಂಟ್‌ಗೆ ಯಾಕೆ ಸಹಿ ಹಾಕ್ತಾನೆ?’’

ಪ್ರಶ್ನೆ ಸರಿಯಾಗಿಯೇ ಇತ್ತು. ಡಗ್ಗನ್‌ನ ಕಣ್ಣು ಮೇಜಿನ ಮೇಲಿದ್ದ ಕಪ್ಪು ರಿಬ್ಬನ್ನಿನ ಮೇಲೆ ಬಿತ್ತು.

‘‘ಹೂವು ಮೊದಲೇ ತಂದಿಟ್ಟುಕೊಂಡಿದೀರ’’ ಎಂದು ನಿಟ್ಟುಸಿರು ಬಿಟ್ಟ. ‘‘ನನಗೆ ಎಷ್ಟು ಕಷ್ಟ ಆಗ್ತಿದೆ ನೋಡಿ. ನೀವು ಇನ್‌ಸ್ಪೆಕ್ಟರ್ ಆಗಿದ್ರಲ್ಲ, ಶನಿವಾರ ಶನಿವಾರ ಬರ್ತಿತ್ತು? ಅದನ್ನ ನೋಡೇ ನಾನು ಪೊಲೀಸ್ ಸೇರಿದ್ದು. ನೀವೇ ಹೇಳಿ ಸಾರ್, ಇಂಥ ಕೇಸು ನಿಮ್ಮ ಕೈಗೆ ಬಂದಿದ್ರೆ ಏನ್ ಮಾಡ್ತಿದ್ರಿ?’’

ಪೆಟಿಫರ್‌ಗೆ ತಾವು ಕಳ್ಳರೋ ಪೊಲೀಸರೋ ತಿಳಿಯದಾಯಿತು. ನಲವತ್ತು ವರ್ಷದ ಚಾಳಿ ಬಿಡಬೇಕಲ್ಲ. ಬೆನ್ನು ತಾನಾಗಿ ನೆಟ್ಟಗಾಯಿತು, ದನಿ ಗಡುಸಾಯಿತು.

‘‘ಸಾಕ್ಷಿ ಸಿಗೋವರೆಗೆ ಮೈಮೇಲೆ ಕೈ ಹಾಕಬೇಡ, ಡಗ್ಗನ್. ಅವನ ಮೇಲಿಂದ ಕಣ್ಣು ಮಾತ್ರ ತೆಗೀಬೇಡ.’’

‘‘ಎಸ್ ಸಾರ್’’ ಎಂದು ಡಗ್ಗನ್ ಸೆಲ್ಯೂಟ್ ಹೊಡೆದು ಹೋದ. ಬಾಗಿಲು ಮುಚ್ಚಿದ ಮೇಲೆಯೇ ಪೆಟಿಫರ್‌ಗೆ ಹೊಳೆದದ್ದು, ತಮ್ಮ ಮೇಲೆ ಕಾವಲು ಹಾಕಿಸಿಕೊಂಡವರು ತಾವೇ ಎಂದು.

ಇದನ್ನು ಹೀಗೇ ಬಿಟ್ಟರೆ ಆಗಲಿಕ್ಕಿಲ್ಲ, ನಾನು ಬರೀ ನಟ ಅಂತ ಡಾಫ್ನಿಗೆ ಇವತ್ತೇ ಕಣ್ಣಾರೆ ತೋರಿಸಿಬಿಡಬೇಕು ಎಂದುಕೊಂಡು ಅವರು ಅಟ್ಟದಿಂದ ಹಳೆಯ ಆಲ್ಬಮ್ ಇಳಿಸಿದರು. ನಲವತ್ತು ವರ್ಷದ ಫೋಟೋಗಳೆಲ್ಲ ಅದರಲ್ಲಿದ್ದವು. ರಿಬ್ಬನ್ ಕಿತ್ತೆಸೆದು, ಆಲ್ಬಮ್ಮನ್ನು ಒಂದು ಕಂಕುಳಲ್ಲಿ, ಲಿಲ್ಲಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಹೊರಟರು. ಅವರ ಹಿಂದೆ ಇಪ್ಪತ್ತು ಗಜ ಬಿಟ್ಟು ಡಗ್ಗನ್‌ನ ಸೈಕಲ್ ಬಂತು. ಅದರ ಚೈನು ಕಿರ್ ಕಿರ್ ಎನ್ನುತ್ತಿತ್ತು.

ಡಾಫ್ನಿಯ ಮನೆಯಲ್ಲಿ ಪಕ್ಕದ ಮನೆಯ ಹಿಲ್ಡಾ ಸ್ಪ್ರಾಟ್ ಆಗಲೇ ಬಂದು, ಛತ್ರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕರೆದಿರಲಿಲ್ಲ. ಹಿಲ್ಡಾ ಕರೆದ ಕಡೆ ಹೋದದ್ದನ್ನು ನಮ್ಮೂರಿನಲ್ಲಿ ಯಾರೂ ಕಂಡಿಲ್ಲ.

‘‘ನಾನು ಇಲ್ಲೇ ಇರ್ತೀನಿ ಡಾಫ್ನಿ. ನೀನು ಬೈದ್ರೂ ಏಳಲ್ಲ’’ ಎಂದರು.

ಡಾಫ್ನಿ ಹೂವನ್ನು ಎದೆಗೆ ಹಿಡಿದುಕೊಂಡು, ‘‘ಲಿಲ್ಲಿ ಅಂದ್ರೆ ನನಗೆ ಪ್ರಾಣ’’ ಎಂದಾಗ ಪೆಟಿಫರ್‌ಗೆ ಹೋದ ಜೀವ ಬಂದಂತಾಯಿತು. ಡಾಫ್ನಿ ಮೂರು ಕಪ್ಪಿಗೆ ಚಹಾ ಬಗ್ಗಿಸಿದರು. ಪೆಟಿಫರ್ ಸಕ್ಕರೆಗೆ ಕೈ ಚಾಚಿದ್ದೇ ತಡ, ಹಿಲ್ಡಾ ಕಪ್ಪುಗಳಿದ್ದ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು. ಪೆಟಿಫರ್ ಕರವಸ್ತ್ರ ತೆಗೆದಾಗ ಇನ್ನರ್ಧ ಸುತ್ತು. ಕೆಮ್ಮಿದಾಗ ಎರಡು ಕಪ್ಪು ಅದಲುಬದಲು. ಕೊನೆಗೆ ಯಾರದು ಯಾವ ಕಪ್ಪು ಎಂಬುದು ಹಿಲ್ಡಾಗೂ ತಿಳಿಯದೆ, ಮೂರನ್ನೂ ಮಿಕಿಮಿಕಿ ನೋಡುತ್ತ ಕೂತರು. ಬಾಯಾರಿಕೆಯೇನೋ ಆಗಿತ್ತು, ಕುಡಿಯಲು ಧೈರ್ಯವಿಲ್ಲ.

ಪೆಟಿಫರ್‌ಗೆ ರೇಗಿತು. ‘‘ಮಿಸೆಸ್ ಸ್ಪ್ರಾಟ್, ನಾನು ನಟ. ಯಾರೋ ಬರೆದುಕೊಟ್ಟದ್ದನ್ನ ಮಾಡ್ತೀನಿ ಅಷ್ಟೆ.’’

‘‘ನಟ ಅಂತ ಗೊತ್ರೀ. ನಾನೇನು ಪೆದ್ದಿಯಾ? ಆದ್ರೆ ಎರಡನೇ ಹೆಂಡತಿಗೆ ಕಪ್ಪು ಕೊಡುವಾಗ ಒಂದು ನಗು ನಕ್ರಲ್ಲ, ಅದನ್ನ ಯಾರು ಬರೆದುಕೊಟ್ರು? ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಮನಸ್ಸಲ್ಲಿ ಇಲ್ಲದೇ ಅಂಥ ನಗು ಮುಖಕ್ಕೆ ಬರತ್ತಾ?’’

ನಲವತ್ತು ವರ್ಷದಲ್ಲಿ ಯಾರೂ ಪೆಟಿಫರ್‌ರ ನಟನೆಯನ್ನು ಇಷ್ಟು ಹೊಗಳಿರಲಿಲ್ಲ. ಅವರು ‘ಥ್ಯಾಂಕ್ಸ್’ ಎಂದುಬಿಟ್ಟರು. ಆಮೇಲೆ ನಾಲಿಗೆ ಕಚ್ಚಿಕೊಂಡರು.

‘‘ಬಾಯಿ ಮುಚ್ಚು ಹಿಲ್ಡಾ’’ ಎಂದರು ಡಾಫ್ನಿ. ‘‘ಊರೆಲ್ಲ ಏನಾದ್ರೂ ಹೇಳಲಿ. ಇವರು ಯಾರು ಅಂತ ನನಗೆ ಗೊತ್ತು.’’ ಹಾಗೆಂದವರೇ ಎಲ್ಲರಿಗಿಂತ ಮೊದಲು ತಮ್ಮ ಮುಂದಿದ್ದ ಕಪ್ಪನ್ನೆತ್ತಿ ಒಂದು ಗುಟುಕು ಕುಡಿದರು.

ಪೆಟಿಫರ್‌ರ ಕಣ್ಣು ತುಂಬಿ ಬಂತು. ಕೇಳುವುದಾದರೆ ಈಗಲೇ ಕೇಳಬೇಕು. ಆದರೆ ಮನುಷ್ಯನಿಗೆ ಪುರಾವೆಯ ಹುಚ್ಚು ಹತ್ತಿದರೆ ಬಿಡುವುದಿಲ್ಲ. ಅವರು ಆಲ್ಬಮ್ ಬಿಚ್ಚಿ ಡಾಫ್ನಿಯ ಮುಂದೆ ಹಿಡಿದರು.

‘‘ನೋಡಿ, ಇದು ಪಾದ್ರಿ. ಇದು ನ್ಯಾಯಾಧೀಶ, ತಲೆಮೇಲಿರೋ ವಿಗ್ಗು ಕುದುರೆ ಕೂದಲಿಂದು, ನವೆ ತಡೆಯೋಕಾಗ್ತಿರಲಿಲ್ಲ. ಇದು ಜನರಲ್. ಇದು ಹೆಣ.’’

‘‘ಎಷ್ಟೊಂದು ಮಾಡಿದೀರ’’ ಎನ್ನುತ್ತ ಡಾಫ್ನಿ ಬೇಗ ಬೇಗ ಹಾಳೆ ತಿರುವಿದರು. ಒಂದು ಪುಟಕ್ಕೆ ಬಂದವರು ನಿಂತುಬಿಟ್ಟರು. ಅದು ಆಸ್ಪತ್ರೆಯ ಧಾರಾವಾಹಿಯೊಂದರ ಫೋಟೋ. ಡಾಫ್ನಿಯ ಮುಖ ಅರಳಿತು. ‘‘ಇಗೋ. ಇದರಲ್ಲಿ ನೀವು ಎಷ್ಟು ಚೆನ್ನಾಗಿ ಬಂದಿದೀರ.’’

‘‘ನಿಮಗೆ ಗುರುತು ಸಿಕ್ತಾ? ಯಾರಿಗೂ ಸಿಗಲ್ಲ. ಮುಖದ ತುಂಬ ಬ್ಯಾಂಡೇಜು.’’

‘‘ಬ್ಯಾಂಡೇಜಾ? ಎಲ್ಲಿ?’’

‘‘ಮಂಚದ ಮೇಲೆ. ಲಾರಿಗೆ ಸಿಕ್ಕವನು ನಾನು.’’

‘‘ಹಾಗಾದ್ರೆ ಈ ಡಾಕ್ಟ್ರು?’’ ಡಾಫ್ನಿಯ ಬೆರಳು ಮಂಚದ ಪಕ್ಕದಲ್ಲಿ ನಿಂತವನ ಮೇಲಿತ್ತು. ಅದೇ ಎತ್ತರ, ಅದೇ ಉದ್ದ ಮೂಗು, ಅದೇ ಅಗಲ ಹಣೆ.

‘‘ಅವನಾ? ಅವನು ಜೂಲಿಯನ್ ಆರ್ಡ್‌ವೇ.’’

ಡಾಫ್ನಿ ಫೋಟೋದ ಮೇಲಿನ ಬೆರಳನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು.

‘‘ನಮ್ಮೆಜಮಾನ್ರು ಕೊನೇ ವರ್ಷ ಹಾಸಿಗೆ ಹಿಡಿದಿದ್ರಲ್ಲ, ಶುಕ್ರವಾರ ಶುಕ್ರವಾರ ನಾವಿಬ್ರೂ ಈ ಡಾಕ್ಟರನ್ನ ನೋಡ್ತಿದ್ವಿ’’ ಎಂದರು ಡಾಫ್ನಿ, ತೀರ ಸಣ್ಣ ದನಿಯಲ್ಲಿ. ‘‘ಇಂಥವರೊಬ್ರು ಇದ್ದಿದ್ರೆ ನಾನು ಬದುಕಿಕೊಳ್ತಿದ್ದೆ ಅಂತಿದ್ರು. ಅವರು ಹೋದ್ಮೇಲೆ ಒಂದಿನ ನೀವು ಲೈಬ್ರರಿಗೆ ಬಂದ್ರಿ. ದೇವರೇ ಕಳಿಸಿದ ಅಂದ್ಕೊಂಡೆ. ಎರಡು ವರ್ಷ ನಾನು ಕೇಕು ಮಾಡಿದ್ದು...’’

ಕೊಲೆಗಾರ ಎಂದ ಹೆಬ್ಡನ್ನು, ಹಿಲ್ಡಾ, ಡಗ್ಗನ್ನು, ಎಲ್ಲರೂ ನೋಡಿದ್ದು ಪೆಟಿಫರ್‌ರನ್ನೇ. ಅವರನ್ನು ನೋಡದೇ ಇದ್ದವರು ಇಡೀ ಊರಿನಲ್ಲಿ ಡಾಫ್ನಿ ಒಬ್ಬರೇ. ಪೆಟಿಫರ್‌ಗೆ ಅಳು ಬರುವಂತಾಯಿತು.

ಡಾಫ್ನಿ ಕಣ್ಣೊರೆಸಿಕೊಂಡು ತಲೆಯೆತ್ತಿದರು. ‘‘ನಿಮಗೆ ಅವರ ಪರಿಚಯ ಇದೆಯಾ? ಈಗ ಎಲ್ಲಿದಾರೆ? ಮನೇಲಿ ಯಾರಾದ್ರೂ ಇದಾರಾ, ಒಬ್ರೇನಾ?’’

ಜೂಲಿಯನ್ ಆರ್ಡ್‌ವೇ ನಲವತ್ತು ಮೈಲಿ ಆಚೆ ಒಬ್ಬನೇ ಇದ್ದ. ಮೂರನೆಯ ಹೆಂಡತಿ ಬಿಟ್ಟುಹೋದ ಮೇಲೆ ಅಡುಗೆ ಮಾಡಿ ಹಾಕುವವರಿಲ್ಲ ಎಂದು ಹೋದ ತಿಂಗಳಷ್ಟೇ ಕಾಗದ ಬರೆದಿದ್ದ.

‘‘ಸತ್ತುಹೋದ’’ ಎಂದರು ಪೆಟಿಫರ್.

ಡಾಫ್ನಿಯ ಮುಖ ಬಿಳಿಚಿಕೊಂಡಿತು. ‘‘ಯಾವಾಗ?’’

‘‘ಈಚೆಗೆ.’’

‘‘ಏನಾಗಿತ್ತು?’’ ಹಿಲ್ಡಾ ಛತ್ರಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೇಳಿದರು.

ಏನಾಗಿತ್ತು? ಪೆಟಿಫರ್‌ಗೆ ಒಂದು ಕಾಯಿಲೆಯ ಹೆಸರೂ ಹೊಳೆಯಲಿಲ್ಲ. ನಿನ್ನೆ ಸಂಜೆ, ಕಂತಿಗೊಂದು ಸಲದಂತೆ ಮೂರು ಸಲ, ಊರೆಲ್ಲ ಟೀವಿಯಲ್ಲಿ ಕೇಳಿದ ತಮ್ಮದೇ ಮಾತು ಬಾಯಿಗೆ ಬಂತು.

‘‘ಊಟ ಆದ್ಮೇಲೆ ಸ್ವಲ್ಪ ಹೊಟ್ಟೆನೋವು ಅಂದ. ನಾನೇ ಒಂದು ಕಪ್ಪು ಚಹಾ ಮಾಡಿಕೊಟ್ಟೆ. ಬೆಳಗಾಗೋದ್ರೊಳಗೆ ಹೋಗಿಬಿಟ್ಟ.’’

ಡಾಫ್ನಿ ತಮ್ಮ ಕಪ್ಪನ್ನು ನೋಡಿದರು. ಪೆಟಿಫರ್‌ರನ್ನು ನೋಡಿದರು. ಎದ್ದು ಕಿಟಕಿಯ ಬಳಿ ಹೋಗಿ, ಉಳಿದ ಚಹಾವನ್ನು ಹೂಕುಂಡಕ್ಕೆ ಸುರಿದು, ಬೆನ್ನು ತಿರುಗಿಸಿಯೇ ನಿಂತರು.

‘‘ಡಾಫ್ನಿ, ಇಲ್ಲಿ ಕೇಳಿ, ನಾನು ಅಂದದ್ದು...’’ ಎನ್ನುತ್ತ ಪೆಟಿಫರ್ ಮೇಲೇಳಲು ಹೋದರು. ಛತ್ರಿಯ ಮೊನೆ ಎದೆಗೆ ತಾಗಿತು. ಕೂತರು. ಹಿಲ್ಡಾ ಛತ್ರಿಯನ್ನು ಕೆಳಗಿಳಿಸದೆ, ಇನ್ನೊಂದು ಕೈಯಿಂದ ಕಿಟಕಿಯ ಬಾಗಿಲನ್ನು ತಳ್ಳಿ ಬೀದಿಯಲ್ಲಿದ್ದ ಸೈಕಲ್ಲಿನ ಕಡೆಗೆ ಕೂಗಿದರು.

‘‘ಡಗ್ಗನ್, ಒಳಗೆ ಬಾ. ನಾಲ್ಕನೇದೂ ಆಗಿಹೋಗಿದೆ. ಇಲ್ಲ, ಡಾಫ್ನಿ ಹುಷಾರಾಗೇ ಇದಾಳೆ. ಈ ಸಲ ಗಂಡಸು.’’