ಖುರಾನಾಜಿಯ ಕೈಗೆ ಬಿದ್ದ ಆಲೂಗಡ್ಡೆ

ಹಿತ್ತಲ ಗೋಡೆಗೆ ಒರಗಿಸಿದ್ದ ಹಳೆಯ ಹತ್ತಿ ಹಾಸಿಗೆಯನ್ನು ವೈಜಯಂತಿ ಬಿಸಿಲಿಗೆ ಹಾಕಲೆಂದು ತಾರಸಿಗೆ ಒಯ್ದದ್ದೇ ಎಲ್ಲಕ್ಕೂ ಕಾರಣವಾಯಿತು. ಅವಳ ಗಂಡ ಅನಂತರಾಮ ದಿನಾ ಬೆಳಿಗ್ಗೆ ತನ್ನ ಆಲೂಗಡ್ಡೆ ಫಿರಂಗಿ ಹಾರಿಸುತ್ತಿದ್ದುದು ಆ ಹಾಸಿಗೆಗೆ.

ಫಿರಂಗಿ ಎಂದರೆ ಮಹಾ ಏನಲ್ಲ. ಒಂದು ಪ್ಲಾಸ್ಟಿಕ್ ಪೈಪು, ಒಂದು ಸೈಕಲ್ ಪಂಪು. ಮೂತಿಗೆ ಆಲೂಗಡ್ಡೆ ತುರುಕಿ, ಗಾಳಿ ತುಂಬಿ ಬಿಟ್ಟರೆ ‘ಧಡ್!’ ಆ ಸದ್ದಿನ ಮರುಕ್ಷಣ ಪಾರಿವಾಳ, ನಾಯಿ, ಕುಕ್ಕರು, ಗಾಡಿಯ ಮೇಲೆ ತರಕಾರಿ ಕೂಗುವ ಭಯ್ಯಾ, ಎಲ್ಲವೂ ಸುಮ್ಮನಾಗುತ್ತಿದ್ದವು. ದಿಲ್ಲಿಯಲ್ಲಿ ಎರಡು ಸೆಕೆಂಡಿನ ಮೌನ! ಆ ಎರಡು ಸೆಕೆಂಡಿನ ಒಳಗೆ ಅನಂತರಾಮ ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಕಿದ್ವಾಯಿ ನಗರದ ಸರಕಾರಿ ಕ್ವಾರ್ಟರ್ಸಿನಲ್ಲಿ ಹಿತ್ತಲಿರುವ ಈ ಮನೆಗಾಗಿ ಅವನು ಹನ್ನೊಂದು ವರ್ಷ ಕಾದಿದ್ದ.

ಅಂದು ಹಾಸಿಗೆ ಇಲ್ಲವಲ್ಲ ಎಂದು ಅವನು ಪೈಪಿನ ಮೂತಿಯನ್ನು ಮೇಲಕ್ಕೆ ತಿರುಗಿಸಿದ. ಆಕಾಶ ಯಾರಿಗೂ ಅಲಾಟ್ ಆಗಿಲ್ಲ ಎಂಬ ಧೈರ್ಯ.

ಗೋಡೆಯಾಚೆಯ ಪಾರ್ಕಿನಲ್ಲಿ ನಗೆಕೂಟ ನಡೆದಿತ್ತು. ಕಾಲೊನಿ ಸಂಘದ ಅಧ್ಯಕ್ಷ ಖುರಾನಾಜಿ ಎರಡೂ ಕೈ ಮೇಲೆತ್ತಿ, ಕಣ್ಣು ಮುಚ್ಚಿ, “ಹೋ ಹೋ! ಹಾ ಹಾ ಹಾ!” ಎಂದು ಹನ್ನೆರಡು ಜನ ನಿವೃತ್ತರನ್ನು ನಗಿಸುತ್ತಿದ್ದರು. ಗೋಡೆ ದಾಟಿ ಹಾರಿದ ಆಲೂಗಡ್ಡೆ ಅವರ ಎರಡು ಅಂಗೈಗಳ ನಡುವೆ ಮದುಮಗನ ಕೈಗೆ ಇಟ್ಟ ತೆಂಗಿನಕಾಯಿಯಂತೆ ಬಂದು ಕುಳಿತಿತು. ಖುರಾನಾಜಿ ಗಡ್ಡೆಯನ್ನು ನೋಡಿದರು, ಆಕಾಶವನ್ನು ನೋಡಿದರು. ಆಮೇಲೆ, ಏಳು ವರ್ಷಗಳಲ್ಲಿ ಮೊದಲ ಸಲ, ಆ ಹನ್ನೆರಡು ಜನ ನಿಜವಾಗಿ ನಕ್ಕರು. ಖುರಾನಾಜಿಗೆ ಪೆಟ್ಟು ಕೊಟ್ಟದ್ದು ಆಲೂಗಡ್ಡೆಯಲ್ಲ, ಆ ನಗು.

ಕಿಟಕಿಯಿಂದ ಮಗಳು ಹಂಸಿನಿ ಕಿರುಚಿದಳು. “ಪಪ್ಪಾ, ಅಂಕಲ್‌ನೇ ಕ್ಯಾಚ್ ಪಕಡ್ ಲಿಯಾ! ನೀವು ಔಟ್!”

“ಚುಪ್!” ಎಂದು ಅನಂತರಾಮ ಫಿರಂಗಿಯನ್ನು ಮಂಚದ ಕೆಳಗೆ ತಳ್ಳಿದ.

“ಬೇರೆಯವರ ಗಂಡಂದಿರು ಹಿತ್ತಲಲ್ಲಿ ಕೊತ್ತಂಬರಿ ಬೆಳೀತಾರೆ,” ಎಂದಳು ವೈಜಯಂತಿ.

“ಯಾರೂ ನೋಡಿಲ್ಲ ಕಣೇ.”

“ಹೌದು, ಆಲೂಗಡ್ಡೆ ಬೇವಿನ ಮರದಿಂದ ಉದುರಿತು ಅಂದ್ಕೋತಾರೆ!”

ಅನಂತರಾಮನಿಗೆ ಕೆಲಸ ಸರಕಾರಿ ವಸತಿ ಕಚೇರಿಯೊಂದರ ದೂರು ವಿಭಾಗದಲ್ಲಿ. ಹನ್ನೊಂದು ಗಂಟೆಗೆ ಅವನ ಸಹಾಯಕ ನಾರಾಯಣಸ್ವಾಮಿ ಕೈಯಲ್ಲಿ ಕಾಗದ ಹಿಡಿದು ಮದುವೆಗೆ ಕರೆಯಲು ಬಂದವನಂತೆ ನಗುತ್ತ ಬಂದ.

“ಸಾರ್, ಭರ್ಜರಿ ಕೇಸು! ನಿಮ್ಮ ಬ್ಲಾಕೇ. ಖುರಾನಾ ಅಂತ ಯಾರೋ ಬರೆದಿದ್ದಾರೆ. ಮೇಲಿಂದ ಆಲೂಗಡ್ಡೆ ಬಿತ್ತಂತೆ. ಎಸೆದವನ ಕ್ವಾರ್ಟರ್ಸ್ ಕ್ಯಾನ್ಸಲ್ ಮಾಡ್ಬೇಕಂತೆ. ಸ್ಕೇಲ್ ಇಟ್ಟು ಫೋಟೋ ಬೇರೆ. ಏಳು ಸೆಂಟಿಮೀಟರು!”

ಅನಂತರಾಮ ತನ್ನ ಆಲೂಗಡ್ಡೆಯ ಫೋಟೋವನ್ನು ನೋಡಿದ. ಬೆಳಿಗ್ಗೆ ಅದು ಇಷ್ಟು ದೊಡ್ಡದಿರಲಿಲ್ಲ.

“ಅಲ್ಲೇ ಇರೋರು ನೀವು. ಯಾರ ಮೇಲಾದ್ರೂ ಅನುಮಾನ ಇದೆಯಾ ಸಾರ್?”

“ಕೋ... ಕೋತಿ!” ಎಂದಿತು ಅನಂತರಾಮನ ಬಾಯಿ.

“ಅಚ್ಛಾ! ಮತ್ತೆ ‘ಧಡ್’ ಅಂತ ಸದ್ದು ಬಂತು ಅಂತಾರಲ್ಲ?”

“ನೀರಿನ ಟ್ಯಾಂಕ್ ಮೇಲೆ ಹಾರಿದ್ದು. ದಪ್ಪ ಕೋತಿ.”

“ಒಂದೇ ಅಂತ ಬರೀಲಾ?”

“ಒಂದು ಕೋತಿಗೆ ಯಾರು ಹೆದರ್ತಾರೆ? ಹದಿನಾಲ್ಕು ಅಂತ ಬರಿ. ಬೇಡ, ಕೊಡಿಲ್ಲಿ, ನಾನೇ ಬರೀತೀನಿ.”

ಆ ಬ್ಲಾಕಿನಲ್ಲಿ ಕೋತಿ ಕಂಡು ಮೂರು ವರ್ಷವಾಗಿತ್ತು. ಆದರೆ ಅನಂತರಾಮ ಹತ್ತೊಂಬತ್ತು ವರ್ಷ ಟಿಪ್ಪಣಿ ಬರೆದು ಪಳಗಿದವನು. ಕೋತಿಗಳು ಬರುವ ದಾರಿ, ಹೊತ್ತು, ತರಕಾರಿ ಗಾಡಿಯಿಂದ ಗಡ್ಡೆ ಕದಿಯುವ ಕ್ರಮ, ಹಿಂಡಿನ ನಾಯಕನ ಕೋಪ, ಎಲ್ಲವನ್ನೂ ಎರಡು ಪುಟ ಬರೆದ. ಬರೆಯುತ್ತ ಬರೆಯುತ್ತ ಅವನಿಗೇ ಹೆದರಿಕೆಯಾಗಿ ಒಮ್ಮೆ ಕಿಟಕಿ ನೋಡಿದ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೊನೆಯಲ್ಲಿ ‘ಪ್ರಸ್ತಾವ’ ಇಲ್ಲದ ಟಿಪ್ಪಣಿ ವಿಭಾಗದಿಂದ ಹೊರಗೇ ಹೋಗದು. ಕೈ ತನ್ನ ಪಾಡಿಗೆ ತಾನು ಬರೆಯಿತು: ‘ಆದ್ದರಿಂದ ಘಟನಾ ಸ್ಥಳದ ಸಮೀಪ ತುರ್ತು ಕ್ರಮ ಕೈಗೊಳ್ಳಬಹುದು.’

ಸಾಮಾನ್ಯವಾಗಿ ಫೈಲು ಮೇಲೆ ಹೋಗಿ ಬರಲು ಮೂರು ವಾರ. ಇದು ಮೂರು ಗಂಟೆಯೊಳಗೆ ಬಂತು. ಹಿಂದಿನ ದಿನವಷ್ಟೇ ಕೋತಿಯೊಂದು ಕಚೇರಿಯ ನಿರ್ದೇಶಕಿಯ ಮನೆಗೆ ನುಗ್ಗಿ ಫ್ರಿಜ್ ತೆರೆದಿತ್ತಂತೆ. ಟಿಪ್ಪಣಿಯ ಅಂಚಿನಲ್ಲಿ ಆಕೆಯ ಹಸಿರು ಶಾಯಿ: ‘ಅತ್ಯುತ್ತಮ ಟಿಪ್ಪಣಿ. ಒಪ್ಪಿದೆ. ಇಂದೇ.’

“ಸಾರ್, ‘ಅತ್ಯುತ್ತಮ’!” ಎಂದ ನಾರಾಯಣಸ್ವಾಮಿ. “ಈ ಶಬ್ದ ನಮ್ಮ ವಿಭಾಗಕ್ಕೆ ಬಂದದ್ದೇ ಇಲ್ಲ.”

ಮನೆ ಉಳಿಯಿತು, ಹಿತ್ತಲು ಉಳಿಯಿತು. ಅನಂತರಾಮ ಎರಡು ಸಮೋಸ ತಿಂದ. ಸಂಜೆ ಸರೋಜಿನಿ ನಗರದ ಮಾರ್ಕೆಟ್ಟಿನಲ್ಲಿ ಇಳಿದು, ಪೈಪಿಗೆ ಸರಿಹೊಂದುವಂಥ ಗುಂಡು ಆಲೂಗಡ್ಡೆಗಳನ್ನೇ ಆರಿಸಿ ಎರಡು ಕಿಲೋ ಕೊಂಡ. ಅಲ್ಲಿನ ತರಕಾರಿ ಭಯ್ಯಾ ಬೇಸತ್ತು, “ಸಾಬ್, ಸೊಸೇನ ಆರಿಸ್ತಿದ್ದೀರಾ?” ಎಂದ.

ಬ್ಲಾಕಿನ ತಿರುವಿನಲ್ಲೇ ಅವನಿಗೆ ಕೇಳಿಸಿತು.

“ಹೂಪ್! ಹೂಪ್! ಖೋ ಖೋ ಖೋ!”

ಓಡಿದ. ಹಿತ್ತಲಲ್ಲಿ ಅವನದೇ ಮೂರು ಸ್ಟೂಲುಗಳ ಮೇಲೆ ಮೂವರು ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ದಿಕ್ಕಿಗೊಬ್ಬರಂತೆ ಕೂಗುತ್ತಿದ್ದರು. ವೈಜಯಂತಿ ಒಂದು ಕೈಯಲ್ಲಿ ಚಹಾ ತಟ್ಟೆ ಹಿಡಿದು ಇನ್ನೊಂದರಿಂದ ಕಿವಿ ಮುಚ್ಚಿಕೊಂಡಿದ್ದಳು. ಖುರಾನಾಜಿ ಬಂದು ಅಪ್ಪಿಕೊಂಡರು.

“ವಾಹ್ ಅನಂತರಾಮ್‌ಜೀ! ನಿಮ್ಮ ಆಫೀಸಿನಿಂದ ನಮ್ಮ ಕಾಲೊನಿಗೆ ಲಂಗೂರ್‌ವಾಲಾಗಳು! ಕೋತಿಗೆ ಆ ಕರಿಮೂತಿ ಮುಸುವ, ಲಂಗೂರ್, ಅಂದ್ರೆ ಪ್ರಾಣಭಯ. ಇವರು ಥೇಟ್ ಲಂಗೂರ್ ಥರಾನೇ ಕೂಗ್ತಾರೆ. ಸಮೀಪದ ಹಿತ್ತಲು ಅಂದ್ರೆ ನಿಮ್ಮದೇ ಅಂತ ಜಾಗ ನಾನೇ ತೋರಿಸ್ದೆ!”

“ಇಲ್ಲಿ... ಎಷ್ಟು ಹೊತ್ತು?”

ಸ್ಟೂಲಿನಿಂದ ಇಳಿದ ಮುಖಂಡ ಸೋಹನ್‌ಲಾಲ್ ಸಲಾಮು ಹೊಡೆದ. “ಬೆಳಿಗ್ಗೆ ಐದರಿಂದ ಸಂಜೆ ಏಳು, ಸಾಬ್. ಭಾನುವಾರಾನೂ.”

“ಎಷ್ಟು ದಿನ?”

“ಕೋತಿ ಹೋಗೋವರೆಗೆ.”

ಅನಂತರಾಮನ ಜೀವ ಮರಳಿ ಬಂತು. ಇಲ್ಲದ ಕೋತಿ ಹೋಗಲು ಎಷ್ಟು ಹೊತ್ತು? ತಗ್ಗಿದ ದನಿಯಲ್ಲಿ ಕೇಳಿದ. “ನಾಳೆಯಿಂದ ಒಂದೇ ಒಂದು ಕೋತೀನೂ ಕಾಣಿಸ್ಲಿಲ್ಲ ಅಂದ್ರೆ?”

ಸೋಹನ್‌ಲಾಲ್ ಎದೆಯುಬ್ಬಿಸಿ ನಕ್ಕ. “ಆಗ ನಾವು ಚೆನ್ನಾಗಿ ಕೆಲಸ ಮಾಡ್ತಿದ್ದೀವಿ ಅಂತ ಲೆಕ್ಕ, ಸಾಬ್. ಕರೋಲ್ ಬಾಗ್‌ನಲ್ಲಿ ಹಾಗೇ ಆಯ್ತು. ಆರು ವರ್ಷದಿಂದ ಅಲ್ಲಿ ಒಂದು ಕೋತೀನೂ ಇಲ್ಲ. ನಮ್ಮ ಅಣ್ಣ ಅಲ್ಲೇ ಪರ್ಮನೆಂಟು.”