ವ್ಯಾಕರಣ ಸರಿ, ಸಂಗತಿ ತಪ್ಪು

ಕಾಶಪ್ಪ ನನಗೆ ಮಾಡಿದ ಉಪಕಾರಗಳು ಬಹಳ. ಅಪಕಾರ ಒಂದೇ: ನನ್ನ ಹೆಂಡತಿಗೆ ಇಂಗ್ಲಿಷಿನ ಭೂತಕಾಲ ಕಲಿಸಿದ. ಹೋದ ತಿಂಗಳು ಅವನು ತೀರಿಕೊಂಡ. ತೀರಿಕೊಂಡವರ ಮೇಲೆ ದೂರು ಹೇಳಬಾರದಂತೆ. ಆದರೆ ಬದುಕಿದ್ದಾಗ ಈ ದೂರನ್ನು ಅವನ ಎದುರಿಗೇ ದಿನಾ ಹೇಳುತ್ತಿದ್ದೆ. ಈಗ ಒಮ್ಮೆಲೇ ನಿಲ್ಲಿಸಿದರೆ ಅವನೇ ಗಾಬರಿಯಾದಾನು.

ನಾವಿಬ್ಬರೂ ಧಾರವಾಡದ ಕಡೆಯವರು, ಮುಂಬೈಯ ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಎದುರುಬದುರು ಮೇಜಿನ ಗುಮಾಸ್ತರು. ಅವನು ಒಂಟಿ, ದಾದರಿನ ಖೋಲಿಯೊಂದರಲ್ಲಿ ಪುಸ್ತಕಗಳ ಜೊತೆ ಸಂಸಾರ. ನಾನು ಜೋಗೇಶ್ವರಿಯ ಚಾಳಿನಲ್ಲಿ ಹೆಂಡತಿ ಚಂದ್ರವ್ವನ ಜೊತೆ. ಕಚೇರಿ ಬಿಟ್ಟ ಮೇಲೆ ಉಡುಪಿ ಹೋಟೆಲಿನಲ್ಲಿ ಮಸಾಲೆ ದೋಸೆ, ಉದ್ದಿನ ವಡೆ, ಕಾಫಿ. ಇದು ನಮ್ಮ ಸಾಯಂಕಾಲದ ಪೂಜೆ. ಅದು ಮುಗಿದ ಮೇಲೆಯೇ ಲೋಕಲ್ ರೈಲು.

ತೊಂದರೆ ಎಂದರೆ, ನಾನು ಉಣ್ಣುವ ತನಕ ಚಂದ್ರವ್ವ ಉಣ್ಣುವವಳಲ್ಲ. ನಾನು ತಡವಾಗಿ ಹೋಗಿ, ಅರ್ಧ ರೊಟ್ಟಿ ಮುರಿದು, ಸಾಕು ಎನ್ನುತ್ತಿದ್ದೆ. ತಡಕ್ಕೆ ರೈಲು ಕಾರಣ, ಹಸಿವಿಲ್ಲದ್ದಕ್ಕೆ ಮುಂಬೈಯ ನೀರು. ತನ್ನ ಕೈಯಡುಗೆಯೇ ಕೆಟ್ಟಿತೆಂದು ತಿಳಿದು ಅವಳು ಬಿಜಾಪುರದ ಜೋಳ ತರಿಸಿದಳು, ಹಂಚು ಬದಲಿಸಿದಳು. ದೋಸೆಯ ಸುದ್ದಿ ಅವಳ ಕಿವಿಗೆ ಬೀಳದಂತೆ ನೋಡಿಕೊಳ್ಳುವುದೇ ಆಗ ನನ್ನ ಬಾಳಿನ ಪರಮಗುರಿ.

ಈ ನಡುವೆ ಅವಳಿಗೆ ಮನೆಯಲ್ಲೇ ಓದಿ ಮ್ಯಾಟ್ರಿಕ್ ಪರೀಕ್ಷೆಗೆ ಕಟ್ಟುವ ಹಂಬಲ ಹುಟ್ಟಿತು. ಉಳಿದದ್ದೆಲ್ಲ ಸಲೀಸು, ಭೂತಕಾಲದ ಹತ್ತಿರ ಬಂಡಿ ನಿಂತಿತು.

"ಉಂಡ, ಉಣ್ಣಾಕತ್ತಿದ್ದ, ಉಂಡಿದ್ದ. ಇಂಗ್ಲಿಷಿನ್ಯಾಗ ಯಾವಾಗ ಯಾವ್ದು ಹಚ್ಚೂದ್ರಿ?"

"ಪುಸ್ತಕದಾಗ ಐತಲ್ಲ. ಬಾಯಿಪಾಠ ಮಾಡು."

"ಬಾಯಿಪಾಠ ಆಗೈತಿ. ತಿಳಿಯವಲ್ದು."

(ನನಗೂ ತಿಳಿದಿರಲಿಲ್ಲ. ಕಚೇರಿಯ ಪತ್ರಗಳನ್ನು ಕಿವಿಯ ಅಂದಾಜಿನ ಮೇಲೆ ಬರೆಯುತ್ತ ಬಂದವನು ನಾನು.)

ಭಾನುವಾರ ಕಾಶಪ್ಪನನ್ನು ಕರೆತಂದೆ. ನನ್ನ ಕೈಯಾರೆ.

"ನಿಯಮ ಬಿಡು ತಂಗೆವ್ವ," ಎಂದ ಅವನು. "ನಿನ್ನೆ ಸಂಜಿ ಕಣ್ಣಮುಂದ ತಂದ್ಕೊ. ಗಂಡ ಬಂದ. ಬಂದ, ಮುಗೀತು. ಅದು ಸಿಂಪಲ್ ಪಾಸ್ಟ್. ಅಂವ ಬಂದಾಗ ನೀ ರೊಟ್ಟಿ ಬಡಿಯಾಕತ್ತಿದ್ದಿ. ಬಡಿಯೂದು ನಡದಿತ್ತು, ನಡುವ ಇಂವ ಬಂದ. ಅದು ಕಂಟಿನ್ಯುಯಸ್. ಇನ್ನ ಅಂವ ಬರೂಕಿಂತ ಮೊದಲ ಏನು ಆಗಿ ಮುಗಿದಿತ್ತೋ ಅದು ಪಾಸ್ಟ್ ಪರ್ಫೆಕ್ಟ್."

"ಅವರು ಬರೂಕಿಂತ ಮೊದಲ ಏನಾಗಿತ್ತು, ನನಗೇನು ಗೊತ್ತು ಅಣ್ಣಾರ?"

"ಅದನ್ನ ವಿಚಾರ ಮಾಡಬೇಕು."

ವಿದ್ಯೆಯ ಈ ಶಾಖೆ ನನಗೆ ಹಿಡಿಸಲಿಲ್ಲ. ಚಂದ್ರವ್ವ ವಿಚಾರ ಮಾಡಿ, ಒಂದೊಂದೇ ಪದ ಜೋಡಿಸಿ ಹೇಳಿದಳು: "ಮೈ ಹಸ್ಬೆಂಡ್ ಕೇಮ್ ಲೇಟ್ ಬಿಕಾಸ್ ದಿ ಟ್ರೇನ್ ಹ್ಯಾಡ್ ಸ್ಟಾಪ್ಡ್." ರೈಲು ನಿಂತಿತ್ತು, ಅದಕ್ಕೇ ಗಂಡ ತಡವಾಗಿ ಬಂದ. ಕೇಳಿ ನನ್ನ ಎದೆ ತಂಪಾಯಿತು.

"ತಪ್ಪು," ಎಂದ ಕಾಶಪ್ಪ.

"ಹ್ಯಾಡ್ ತಪ್ಪೇನ್ರಿ?"

"ವ್ಯಾಕರಣ ಸರಿ ಐತಿ. ಸಂಗತಿ ತಪ್ಪು. ರೈಲು ನಿಂತಿರಲಿಲ್ಲ."

ನಾನು ಕೆಮ್ಮಿದೆ. "ನೀರು ಕುಡಿಯಪಾ," ಎಂದು ಅವನು ಮುಂದುವರಿಸಿದ: "ಅಂವ ಬರೂಕಿಂತ ಮೊದಲ ದೋಸೆ ತಿಂದಿದ್ದ. ವಡೆನೂ ತಿಂದಿದ್ದ. ಈಗ ಹ್ಯಾಡ್ ಹಚ್ಚಿ ಹೇಳು."

ಹಚ್ಚಿ ಹೇಳಿದಳು. ಒಂದೂ ತಪ್ಪಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು: "ದಿನಾ ತಿಂತಿದ್ರ ಏನಂತಾರ್ರಿ?"

"ಛಲೋ ಪ್ರಶ್ನೆ. ಅದಕ್ಕ ಯೂಸ್ಡ್ ಟು."

ಅವನನ್ನು ಸ್ಟೇಶನ್ನಿಗೆ ಕಳಿಸಲು ಹೋದಾಗ ದಾರಿಯುದ್ದಕ್ಕೂ ಬೈದೆ. "ಸುಳ್ಳು ವಾಕ್ಯಕ್ಕ ಸರಿ ಅಂತ ಹೆಂಗ ಅನ್ನಲೋ?" ಎಂದ. "ಪರೀಕ್ಷಾದಾಗ ಮಾರ್ಕ್ಸ್ ಹೋಗ್ತಾವ." (ಪರೀಕ್ಷಕರಿಗೆ ನಮ್ಮ ದೋಸೆ ಗೊತ್ತಿರುತ್ತದೆ ಎಂದೇ ಅವನ ನಂಬಿಕೆ.)

ಮರುದಿನ ನಾನು ಪಶ್ಚಾತ್ತಾಪದ ಮೂರ್ತಿಯಾಗಿ, ದೋಸೆ ಬಿಟ್ಟು, ಹಸಿದುಕೊಂಡು ಮನೆಗೆ ಬಂದೆ. ಕೆಲಸವಿದೆ ಎಂದು ಕಚೇರಿಯಿಂದ ಬೇಗ ಎದ್ದಿದ್ದ ಕಾಶಪ್ಪ ನನ್ನ ಮಣೆಯ ಮೇಲೆ ಕೂತು ಕೊನೆಯ ರೊಟ್ಟಿ ಮುರಿಯುತ್ತಿದ್ದ. ಚಂದ್ರವ್ವ ಉಂಡು ಕೈತೊಳೆದಿದ್ದಳು.

"ನನಗ?"

"ನೀವು ತಿಂದು ಬಂದಿರ್ತೀರಿ ಅಂದ್ಕೊಂಡೆ."

"ಇವತ್ತ ತಿಂದಿಲ್ಲ."

ಅವಳು ಸಾಕ್ಷಿಯ ಕಡೆ ನೋಡಿದಳು. ಸಾಕ್ಷಿ ತುತ್ತು ನುಂಗಿ ಹೇಳಿತು: "ಇವತ್ತಿಂದು ನಾ ಕಂಡಿಲ್ಲ ತಂಗೆವ್ವ. ಹೇಳಾಕ ಬರೂದಿಲ್ಲ."

ಅಂದಿನಿಂದ ಪಾಠ ದಿನವೂ, ಪಾಠಕ್ಕೆ ಮೊದಲು ಬಿಸಿ ರೊಟ್ಟಿ. ಅವನು ಬೇಗನೆ ಲೋಕಲ್ ಹಿಡಿಯುತ್ತಿದ್ದ, ನಾನು ಫೋರ್ಟಿನಲ್ಲಿ ಒಬ್ಬನೇ ದೋಸೆ ತಿನ್ನುತ್ತಿದ್ದೆ. ಒಬ್ಬನೇ ತಿಂದರೆ ದೋಸೆ ರಟ್ಟಿನಂತಿರುತ್ತದೆ. ಅವಳು ಪರೀಕ್ಷೆ ಪಾಸಾದಳು. ಪದ್ಧತಿ ಮಾತ್ರ ಬದಲಾಗಲಿಲ್ಲ. ಪಲ್ಯಕ್ಕೆ ಖಾರ ಹೆಚ್ಚಾದರೆ ಕಾಶಪ್ಪ ಹೆಚ್ಚಾಗಿದೆ ಎನ್ನುತ್ತಿದ್ದ, ಅವಳು ಅದಕ್ಕೂ ನಗುತ್ತಿದ್ದಳು.

ಹೋದ ತಿಂಗಳು ಅವನಿಗೆ ಎದೆನೋವು ಬಂತು; ಎರಡು ದಿನವೂ ಉಳಿಯಲಿಲ್ಲ.

ಮಣ್ಣು ಮಾಡಿ ಬಂದ ಮರುದಿನ ನಾನು ಹೋಟೆಲಿಗೆ ಹೋಗಲಿಲ್ಲ. ನೇರ ಮನೆಗೆ ಬಂದೆ. ಚಂದ್ರವ್ವ ಉಂಡಿರಲಿಲ್ಲ. ಇಬ್ಬರಿಗೂ ತಾಟು ಹಚ್ಚಿದಳು. ರೊಟ್ಟಿ, ಬದನೆಕಾಯಿ ಪಲ್ಯ.

"ಹ್ಯಾಂಗ ಆಗೈತ್ರಿ?"

"ಭಾಳ ಛಲೋ ಆಗೈತಿ," ಎಂದೆ.

ಅವಳೊಂದು ತುತ್ತು ಬಾಯಿಗಿಟ್ಟಳು. ಅಗಿಯುವುದು ನಿಂತಿತು.

"ಉಪ್ಪs ಹಾಕಿಲ್ಲ ನಾ. ಅಣ್ಣಾರಿದ್ರ ಮೊದಲ ತುತ್ತಿಗೇ ಹೇಳ್ತಿದ್ರು."

ನಾನು ಉಪ್ಪಿನ ಡಬ್ಬಿಗೆ ಕೈ ಚಾಚಿದೆ. ಅವಳು ಅದನ್ನು ತನ್ನ ಕಡೆ ಎಳೆದುಕೊಂಡಳು.

"ಛಲೋ ಆಗೈತಿ ಅಂದ್ರಲ್ಲ. ಹಂಗs ಉಣ್ರಿ."