ಸಾಹುಕಾರರ ಮೋಟಾರಿನ ನಾತ

ದೊಡ್ಡಬಸಪ್ಪ ಸಾಹುಕಾರರ ಮೋಟಾರು ಬರುವುದು ಕಂಪ್ಲಿಯ ಜನರಿಗೆ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತಿತ್ತು. ಒಂದು ತಿಂಗಳಿಂದ ಅದರ ಹಿಂದಿನ ಕೊಳವೆಯಲ್ಲಿ ಕರೀ ಹೊಗೆ, ಹೊಗೆಯ ಜೊತೆ ಹಸೀ ಪೆಟ್ರೋಲಿನ ಕಮಟು ನಾತ. ಪೇಟೆಯಲ್ಲಿ ಹಾದರೆ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು, ಮೋಟಾರನ್ನು ಬಿಟ್ಟು ಡ್ರೈವರ್ ಉಚ್ಚೆಂಗಪ್ಪನನ್ನು ಬೈಯುತ್ತಿದ್ದರು, ನಾತ ಅವನ ಮೈಯಿಂದಲೇ ಬರುತ್ತಿದೆಯೇನೋ ಎಂಬಂತೆ.

ಆ ಸೋಮವಾರ ಬೆಳಿಗ್ಗೆ ಸಾಹುಕಾರರು ತಮ್ಮ ಅಕ್ಕಿ ಗಿರಣಿಯ ಕಟ್ಟೆಯ ಮೇಲೆ ನಿಂತು ಅವನನ್ನು ಕರೆದರು.

"ಲೇ ಉಚ್ಚೆಂಗಾ, ಮೂರು ಗಂಟೆ ಬಸ್ಸಿಗೆ ಸಂಡೂರಿಂದ ದೊಡ್ಡ ಮನುಷ್ಯಾರು ಬರ್ತಾರ. ಅವರನ್ನ ಕುಂದ್ರಿಸ್ಕೊಂಡು ಹೊಳಿ ಮಟ ಹೋಗಿ ಬರ್ಬೇಕು. ಅಷ್ಟ್ರಾಗ ಈ ನಾತ ಹೋಗಿರ್ಬೇಕು. ಇಲ್ಲಂದ್ರ ನೀನು ಹೋಗು."

ಈ ಕೆಲಸ ಹೋದರೆ ಉಚ್ಚೆಂಗಪ್ಪನಿಗೆ ಕಂಪ್ಲಿಯಲ್ಲಿ ಬೇರೆ ಕೆಲಸ ಸಿಗುವಂತಿರಲಿಲ್ಲ. ಊರಿನಲ್ಲಿದ್ದುದು ಅದೊಂದೇ ಕಾರು. ದೊಡ್ಡ ಮನುಷ್ಯರೆಂದರೆ ಸಾಹುಕಾರರ ಮಗಳನ್ನು ನೋಡಲು ಬರುವ ಬೀಗರೇ ಇರಬೇಕೆಂದು ಅವನು ಲೆಕ್ಕ ಹಾಕಿದ. ಬೀಗರ ಮುಂದೆ ಧಣಿಯ ಮಾನ ಈಗ ತನ್ನ ಕೈಯಲ್ಲಿ!

ಮೊದಲು ನೆರವಿಗೆ ಬಂದವನು ಗಿರಣಿಯ ಬಾಯ್ಲರಿಗೆ ಹೊಟ್ಟು ತುಂಬುವ ಮೂಕಣ್ಣ. ಹೆಸರಿಗೆ ಮಾತ್ರ ಮೂಕ.

"ಕೊಳವ್ಯಾಗ ಇಲಿ ಸತ್ತೈತಪಾ, ನನ್ನ ಕೇಳು," ಎಂದವನೇ ಒಂದು ಬಿದಿರುಕೋಲನ್ನು ಒಳಗೆ ಜಡಿದ. ಕೋಲು ಹೋಯಿತು, ಹೊರಗೆ ಬರಲಿಲ್ಲ. "ಚಾಲೂ ಮಾಡು, ತಾನಾ ಬರ್ತೈತಿ."

ಬಂತು. ಉಚ್ಚೆಂಗಪ್ಪ ಹ್ಯಾಂಡಲ್ ತಿರುವಿದ್ದೇ ತಡ, ಢಬ್ಬೆಂದು ಕೋಲು ಬಾಣದಂತೆ ಹಾರಿತು. ಹಿಂದೆಯೇ ತಿಂಗಳ ಮಸಿಯೆಲ್ಲ ಹೋಗಿ ಅಂಗಳದಲ್ಲಿ ಆರಲು ಹಾಕಿದ್ದ ಕುದಿಸಿದ ಭತ್ತದ ಮೇಲೆ ಕೂತಿತು. ಭತ್ತ ಕಾಯುತ್ತಿದ್ದ ಹುಲುಗಮ್ಮ ಕಸಬರಿಗೆ ಎತ್ತಿಕೊಂಡು ಬಂದಳು.

"ನಿನ್ನ ಮೋಟಾರಿನ ಬಾಯಿಗೆ ಮಣ್ಣು ಹಾಕ! ಒಂದೊಂದಾ ಕಾಳು ಆರ್ಸಿ ಕೊಟ್ಟು ಹೋಗು!"

"ಇಲಿ ಇಲ್ಲ ಬಿಡು," ಎಂದು ಮೂಕಣ್ಣ ನೆಮ್ಮದಿಯಿಂದ ಬಾಯ್ಲರಿನ ಕಡೆ ನಡೆದ. ಕರೀ ಭತ್ತ ಆರಿಸುವುದರಲ್ಲಿ ಉಚ್ಚೆಂಗಪ್ಪನ ಎರಡು ತಾಸು ಹೋಯಿತು.

ಆರಿಸುತ್ತಲೇ ಅವನು ಯೋಚಿಸಿದ. ನೀಲಿ ಹೊಗೆಯಾಗಿದ್ದರೆ ಇಂಜಿನ್ನು ಎಣ್ಣೆ ಸುಡುತ್ತಿದೆ ಎನ್ನಬಹುದಿತ್ತು. ಇದು ಕರೀ ಹೊಗೆ. ಅಂದರೆ ಅರಗುವುದಕ್ಕಿಂತ ಹೆಚ್ಚು ಪೆಟ್ರೋಲು ಕುಡಿಯುತ್ತಿದೆ. ಕಾರ್ಬುರೇಟರ್ ಬಿಚ್ಚಿದ. ಪೆಟ್ರೋಲಿನ ಮೇಲೆ ತೇಲುತ್ತ, ಸಾಕಾದಾಗ ಅದು ಬರುವ ಬಾಗಿಲು ಮುಚ್ಚುವ ಹಿತ್ತಾಳೆಯ ಪುಟ್ಟ ಬುರುಡೆ ಅದರೊಳಗಿತ್ತು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಎಳನೀರಿನಂತೆ ಕುಲುಕಿತು. ಬುರುಡೆ ತೂತಾಗಿ, ತುಂಬಿ, ಮುಳುಗಿತ್ತು!

ತೂತು ಕಾಣುವಷ್ಟು ದೊಡ್ಡದಿರಲಿಲ್ಲ. ಮನೆಗೆ ಓಡಿ, ಒಲೆಯ ಮೇಲೆ ಕುದಿಯುತ್ತಿದ್ದ ಎಸರಿನ ಗಡಿಗೆಯನ್ನು ಅಂಗಳಕ್ಕೆ ತಂದು ಬುರುಡೆಯನ್ನು ಅದ್ದಿದ. ಒಂದು ಕಡೆಯಿಂದ ಗುಳ್ಳೆ ಎದ್ದವು. "ಸಿಕ್ತು!" ಎಂದು ಕುಣಿದ. ಹೆಂಡತಿ ಸುಂಕಮ್ಮ ಗಡಿಗೆ ಮೂಸಿದಳು.

"ಇದ್ರಾಗ ಇನ್ನ ನಿಮ್ಮ ಸಾಹುಕಾರ್ರ್ನ ಕರ್ದು ಉಣ್ಣಾಕ ಇಕ್ಕು. ನಿನಗ ಊಟ ಇಲ್ಲ, ನಡಿ."

ಹಸಿದ ಹೊಟ್ಟೆಯಲ್ಲಿ ಕಲಾಯಿಯವನ ಅಂಗಡಿಗೆ ಹೋದ. ಒಳಗಿನ ಪೆಟ್ರೋಲನ್ನೆಲ್ಲ ಬಸಿದೆನೆಂದುಕೊಂಡಿದ್ದ. ಕಾದ ಬೆಸುಗೆಕೋಲು ತಾಗಿದ ಕೂಡಲೇ ಉಳಿದಿದ್ದ ಹನಿ ಭುಗ್ಗೆಂದಿತು. ಹಿಡಿದಿದ್ದ ಎರಡು ಬೆರಳು ಸುಟ್ಟವು, ಬಲ ಹುಬ್ಬು ಹೋಯಿತು. ಮುಖ ಅರ್ಧ ಇವನದು, ಅರ್ಧ ಬೇರೆ ಯಾರದೋ ಎಂಬಂತಾಯಿತು. ಆದರೆ ತೂತು ಮುಚ್ಚಿತು.

ಎರಡೂವರೆಗೆ ಇಂಜಿನ್ನು ಬೆಕ್ಕಿನ ಮರಿಯಂತೆ ಗುರುಗುಟ್ಟಿತು. ಸಾಹುಕಾರರೇ ಬಗ್ಗಿ ಕೊಳವೆಗೆ ಮೂಗಿಟ್ಟರು. ಬೆಚ್ಚಗಿನ ಗಾಳಿ, ಅಷ್ಟೇ.

"ಶಾಭಾಸ್ ಲೇ!"

ಬಸ್ಸಿನಿಂದ ಇಳಿದವರು ಒಬ್ಬರೇ: ಗಣಿ ಕಂಟ್ರಾಕ್ಟರ್ ಹಾಲಸ್ವಾಮಿ. ಹೊಳೆಯ ದಾರಿಯಲ್ಲಿ ಕಿಟಕಿಯಿಂದ ಹೊರಗೆ ಮೂಗು ಚಾಚಿ ಕೇಳಿದರು: "ಭಾಳ ನಾತ ಅಂತಿದ್ರಲ್ಲಾ ಜನ?"

"ಬಳ್ಳಾರಿಂದ ದೊಡ್ಡ ಮೆಕ್ಯಾನಿಕ್ ಕರ್ಸಿ ರಿಪೇರಿ ಮಾಡ್ಸೀನ್ರಿ," ಎಂದರು ಸಾಹುಕಾರರು. "ಹೌದಲ್ಲೋ ಉಚ್ಚೆಂಗಾ?"

ಉಚ್ಚೆಂಗಪ್ಪನ ಸುಟ್ಟ ಬೆರಳು ಸ್ಟಿಯರಿಂಗಿನ ಮೇಲೆ ಚುರುಗುಟ್ಟಿತು. ಆದರೆ ಹೆಣ್ಣಿನ ತಂದೆ ಬೀಗರ ಮುಂದೆ ಜಂಬ ಕೊಚ್ಚುವಾಗ ಅಡ್ಡ ಬಾಯಿ ಹಾಕಬಾರದು.

"ಹೌದ್ರಿ. ಎರಡು ದಿನ ಇದ್ದ. ಅಂಥಾ ಶಾಣ್ಯಾನ್ನ ನಾನು ನೋಡೇ ಇಲ್ಲ," ಎಂದು ತನ್ನ ಕಡೆಯಿಂದಲೂ ಒಂದಿಷ್ಟು ಸೇರಿಸಿದ.

ಹೊಳೆಯ ದಂಡೆಯಲ್ಲಿ ಇಳಿದು ಹಾಲಸ್ವಾಮಿ ಸಾಹುಕಾರರ ಕೈ ಹಿಡಿದರು. "ಆತ್ರಿ. ಗಾಡಿ ನಂದು."

ಉಚ್ಚೆಂಗಪ್ಪ ಬಾಯಿ ಬಿಟ್ಟ. "ಮತ್ತ ನಾನ್ರಿ ಧಣೀ?"

ಸಾಹುಕಾರರು ಹೊಳೆಯ ಕಡೆ ನೋಡಿದರು. "ಗಾಡೀನಾ ಇಲ್ಲಂದ್ಮ್ಯಾಗ ಡ್ರೈವರ್ ಯಾಕಲೇ? ಇದು ನಾರ್ತಿತ್ತಂತ ಇಷ್ಟು ದಿನ ಯಾರೂ ಕೊಳ್ಳಲಿಲ್ಲ."

"ನನಗೊಬ್ಬ ಡ್ರೈವರ್ ಬೇಕ್ರೀ," ಎಂದರು ಹಾಲಸ್ವಾಮಿ. ಉಚ್ಚೆಂಗಪ್ಪನ ಜೀವ ಮರಳಿ ಬಂತು. "ಆದ್ರ ಗುಡ್ಡದಾಗ ಕೆಟ್ಟು ನಿಂತ್ರ ರಿಪೇರಿ ಗೊತ್ತಿರ್ಬೇಕು. ಆ ಬಳ್ಳಾರಿಯವನ್ನಾ ಇಟ್ಕೊಂತೀನಿ. ಅವನ ಹೆಸ್ರೇನು?"

"ನಾನಾ ರೀ ಅವನು! ನಾನಾ ಮಾಡಿದ್ದು! ಈ ಬೆರಳು ನೋಡ್ರಿ, ಹುಬ್ಬು ನೋಡ್ರಿ!"

ಸಾಹುಕಾರರು ಕೆಮ್ಮಿದರು. ಹಾಲಸ್ವಾಮಿ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ದಾರ್ಯಾಗ ಅವನ್ನ ಹೊಗಳಿದಿ. ಈಗ ಅವನ ಕೆಲಸ ನಿಂದಂತೀಯಾ? ಇಂಥಾ ನಾಲಿಗಿಯವನ್ನ ನಂಬಿ ಗುಡ್ಡ ಹತ್ತಲೇನು? ಇವತ್ತೊಂದಿನ ಸಂಡೂರಿಗೆ ಗಾಡಿ ಮುಟ್ಸಿ ಹೋಗು."

ಹೊಸಪೇಟೆ ದಾಟಿ ಸಂಡೂರಿನ ಕೆಂಪು ಗುಡ್ಡಗಳು ಕಾಣುವ ಹೊತ್ತಿಗೆ ಹಾಲಸ್ವಾಮಿಯವರ ಸಿಟ್ಟು ಇಳಿದಿತ್ತು. ಅವರು ಮುಂದೆ ಬಾಗಿ ಕನಿಕರದಿಂದ ಹೇಳಿದರು:

"ಆ ಬಳ್ಳಾರಿಯವನ ಕೈಕೆಳಗ ವರ್ಷ ದುಡಿಯಪಾ, ನೀನೂ ಕೆಲಸ ಕಲೀತಿ. ನಾನು ಹೇಳ್ತೀನಿ ಅವನಿಗೆ."

"ಆತ್ರಿ," ಎಂದ ಉಚ್ಚೆಂಗಪ್ಪ. "ಅವನು ಸಿಕ್ರ ನನಗೂ ಒಂದ್ಮಾತು ತಿಳಿಸ್ರಿ."